ಹುಳದ ಮನೆಯಲ್ಲಿ ಹಾಡಿದ ಒಂಬತ್ತು ಹಾಡು

ತಮ್ಮನ ಕ್ಯಾಸೆಟ್ಟು ಇದ್ದ ಡಬ್ಬವನ್ನು ನಾನು ಎತ್ತಿಡಬೇಕಿತ್ತು, ಎತ್ತಿಡಲಿಲ್ಲ. ಹಾಳಾದ ಮೇಲೆ ನಿಜವನ್ನಾದರೂ ಹೇಳಬೇಕಿತ್ತು. ಅದನ್ನೂ ಹೇಳಲಿಲ್ಲ.

2003ರ ಮಾತು. ಸಾದಲಿಯ ಹತ್ತಿರ ನಮ್ಮದು ರೇಷ್ಮೆ ಹುಳು ಸಾಕುವ ಮನೆ. ನಾನು ಓದಿದ್ದು ಐದನೇ ಕ್ಲಾಸು. ಅಮ್ಮ ಹೋದ ಮೇಲೆ ಹುಳದ ಕೆಲಸವೆಲ್ಲ ನನ್ನ ಮೇಲೇ ಬಿತ್ತು. ತಮ್ಮ ತಿಮ್ಮರಾಜು ಹಾಡು ಕಟ್ಟುತ್ತಿದ್ದ. ಸೊಪ್ಪು ಕೊಯ್ಯುವವರ ಮೇಲೆ, ರೇಷ್ಮೆ ಗೂಡಿನ ಮಾರ್ಕೆಟ್ಟಿನ ಮೇಲೆ, ನನ್ನ ಸಿಡುಕಿನ ಮೇಲೂ. ಬೆಂಗಳೂರಿನಲ್ಲಿ ಒಂದು ಕ್ಯಾಸೆಟ್ ಕಂಪನಿಯವರು, ಸಿನಿಮಾ ಹಾಡಿನ ಥರ ಇಲ್ಲ ಎಂದು ಅವನನ್ನು ವಾಪಸ್ ಕಳಿಸಿದ್ದರು.

"ನಾವೇ ಮಾಡ್ಕೊಳ್ಳಣ ಬಿಡಕ್ಕ," ಅಂದ.

ಒಂದು ಬೆಳೆ ಮುಗಿದು ಇನ್ನೊಂದು ಬರುವ ಮಧ್ಯೆ ಹುಳದ ಮನೆ ಖಾಲಿ ಇರುತ್ತದೆ. ಗೋಡೆಗೆಲ್ಲ ಗೋಣಿತಾಟು ಕಟ್ಟಿರುವುದರಿಂದ ಒಳಗೆ ದನಿ ಮಾರ್ದನಿಸುವುದಿಲ್ಲ. ಅಲ್ಲೇ ಟೇಪ್‌ರೆಕಾರ್ಡರ್ ಇಟ್ಟು ತಿಮ್ಮ ಹಾಡಿದ. ಅವನ ಗೆಳೆಯ ಮುನಿಕೃಷ್ಣ ತಮಟೆ ಬಡಿದ. ಹೊರಗೆ ಕೋಳಿ ಕೂಗಿದರೆ ಮತ್ತೆ ಮೊದಲಿಂದ.

"ಅಕ್ಕಾ, ನಿನ್ ಹುಳಗಳೇ ಪುಣ್ಯವಂತರು ಕಣಮ್ಮ. ಅವುಕ್ಕೆ ತಾಟು ನೆನೆಸಿ ತಣ್ಣಗಿಡ್ತೀಯ, ನಾವು ಬೇಯ್ತಾ ಇದೀವಿ," ಅಂತ ಮುನಿಕೃಷ್ಣ ರೇಗಿಸುತ್ತಿದ್ದ.

ಒಂಬತ್ತು ಹಾಡಾದವು. ಆ ಒಂದು ಕ್ಯಾಸೆಟ್ಟಿನಿಂದ ಒಂದೊಂದೇ ಕಾಪಿ ಮಾಡಿ, ಕೈಯಲ್ಲೇ ಹೆಸರು ಬರೆದು ಬಸ್ಸಿನವರಿಗೆ, ಟೀ ಅಂಗಡಿಗಳಿಗೆ ಕೊಟ್ಟರು. ನಮ್ಮ ಕಡೆ ಹಾಗೆ ಮಾಡಿದವರನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ.

ಮುಂದಿನ ಬೆಳೆಗೆ ಹುಳದ ಹೊಸ ಮರಿ ಬರುವ ದಿನ ಹತ್ತಿರವಾಯಿತು. ಅದಕ್ಕೆ ಮುಂಚೆ, ರೋಗ ತಗಲದ ಹಾಗೆ ಹುಳದ ಮನೆಗೆಲ್ಲ ಬ್ಲೀಚಿಂಗ್ ನೀರು ಹೊಡೆಯಬೇಕು. ತಿಮ್ಮ ಖಾಲಿ ಕ್ಯಾಸೆಟ್ ತರಲು ಚಿಕ್ಕಬಳ್ಳಾಪುರಕ್ಕೆ ಹೊರಟವನು, "ಹುಳದ ಮನೆ ಅಟ್ಟದ ಮೇಲೆ ಕ್ಯಾಸೆಟ್ ಇಟ್ಟಿರೋ ಬಿಸ್ಕತ್ ಡಬ್ಬ ಐತೆ, ಮೊದ್ಲು ತೆಗೆದಿಡಕ್ಕ" ಅಂದ. ಹೂಂ ಅಂದೆ. ಪಂಪು ಬೆನ್ನಿಗೆ ಹಾಕಿಕೊಂಡ ಮೇಲೆ ಡಬ್ಬ ಕಣ್ಣಿಗೆ ಬಿತ್ತು. ಪಂಪು ಇಳಿಸಿ, ಅಟ್ಟ ಹತ್ತಿ, ಮತ್ತೆ ಹೊರಬೇಕಲ್ಲ ಎನಿಸಿತು. ಮುಚ್ಚಳ ಇದೆಯಲ್ಲ ಎಂದುಕೊಂಡು ಹೊಡೆದೆ.

ಸಂಜೆ ತೆಗೆದು ನೋಡಿದರೆ ಒಳಗೆ ನೀರು ನಿಂತಿತ್ತು. ಕ್ಯಾಸೆಟ್ಟಿನ ಟೇಪು ಮೆತ್ತಗಾಗಿ ಅಂಟಿಕೊಂಡಿತ್ತು. ಡಬ್ಬದ ಸಮೇತ ತಿಪ್ಪೆಗುಂಡಿಯಲ್ಲಿ ಹೂತೆ.

ತಿಮ್ಮ ಬಂದು ಕೇಳಿದಾಗ, "ಮುನಿಕೃಷ್ಣ ಬಂದಿದ್ದ, ಅವನೇನಾದ್ರೂ ತಗೊಂಡೋದ್ನೇನೋ" ಅಂದುಬಿಟ್ಟೆ.

"ಕಂಪನಿಯವ್ರಿಗೆ ಮಾರ್ಕೊಂಡ್ಯೇನೋ?" ಎಂದು ತಿಮ್ಮ ಮುನಿಕೃಷ್ಣನನ್ನು ಬೀದಿಯಲ್ಲೇ ನಿಲ್ಲಿಸಿ ಕೇಳಿದ. ಮುನಿಕೃಷ್ಣ ನನ್ನ ಮುಖವನ್ನೇ ನೋಡಿದ. ನಾನು ಒಳಗೆ ಹೋದೆ. ಅವತ್ತಿಗೆ ಅವರ ಮಾತು ನಿಂತಿತು, ಹಾಡೂ ನಿಂತಿತು.

ಆರು ವರ್ಷವಾದ ಮೇಲೆ ಚಿಂತಾಮಣಿಯ ಒಂದು ಟೀ ಅಂಗಡಿಯಲ್ಲಿ ತಿಮ್ಮನ ಹಾಡು ಕೇಳಿಸಿತು. ಸವೆದ ಕಾಪಿ, ಅರ್ಧ ಬರೀ ಗರಗರ. ಅಂಗಡಿಯವನು, "ಚಾಲ ಬಾಗುಂದಿ, ಬಲು ಚೆನ್ನಾಗೈತೆ ಅಲ್ವೇನಮ್ಮ? ಇವ್ರನ್ನ ನೋಡೇ ನಮ್ ಹುಡುಗ್ರೂ ಸ್ವಂತ ಕ್ಯಾಸೆಟ್ ಮಾಡಿದ್ದು. ಇವ್ರೇ ಏನಾದ್ರೋ, ಮತ್ತೆ ಹಾಡ್ಲೇ ಇಲ್ಲ," ಅಂದ. ಟೀ ಅರ್ಧಕ್ಕೇ ಬಿಟ್ಟು ಎದ್ದೆ.

ಸಂಜೆ ತಿಮ್ಮನನ್ನು ಕರೆದುಕೊಂಡು ಮುನಿಕೃಷ್ಣನ ಮನೆಗೆ ಹೋದೆ. ಯಾಕೆ ಎಂದು ದಾರಿಯುದ್ದಕ್ಕೂ ಕೇಳುತ್ತಲೇ ಬಂದ. ಮುನಿಕೃಷ್ಣ ಬಾಗಿಲಲ್ಲೇ ನಿಂತ. ಬನ್ನಿ ಅನ್ನಲಿಲ್ಲ. ಅಂಗಳದಲ್ಲಿ ನಿಂತೇ ಹೇಳಿದೆ:

"ಡಬ್ಬ ಇವನು ತಗೊಂಡಿರ್ಲಿಲ್ಲ ಕಣೋ ತಿಮ್ಮ. ಕಣ್ಣಾರೆ ನೋಡಿದ್ರೂ ನಾನೇ ಇಳಿಸ್ಲಿಲ್ಲ. ಬ್ಲೀಚಿಂಗ್ ನೀರು ಒಳಕ್ಕೋಗಿ ಹಾಳಾಯ್ತು, ಹೂತಾಕಿ ಇವನ ಮೇಲೆ ಹೇಳ್ದೆ. ತಪ್ಪಾಯ್ತು ಮುನಿಕೃಷ್ಣ. ತಪ್ಪಾಯ್ತು ಕಣಪ್ಪ ತಿಮ್ಮ."