ಅಕ್ಕನ ಎರಡು ಸೀಟು

ನಮ್ಮಕ್ಕ ಒಂದು ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಗುಮಾಸ್ತೆ. ಹೊರದೇಶದ ಮಕ್ಕಳ ಅರ್ಜಿ ಓದುವುದು, ವೀಸಾ ಕಾಗದ ನೋಡುವುದು, ಬಾಡಿಗೆ ಕೋಣೆ ಹುಡುಕಿಕೊಡುವುದು ಎಲ್ಲ ಅವಳೇ. ಈಗ ಅಲ್ಲಿನ ಮುಖ್ಯಸ್ಥರು ನಿವೃತ್ತರಾಗುತ್ತಿದ್ದಾರೆ. ಆ ಕುರ್ಚಿ ಬೇಕಾದರೆ ಅಂತರರಾಷ್ಟ್ರೀಯ ಶಿಕ್ಷಣದಲ್ಲಿ ಎಂ.ಎ. ಆಗಿರಬೇಕಂತೆ, ಕಡೇಪಕ್ಷ ಸೇರಿಕೊಂಡಾದರೂ ಇರಬೇಕಂತೆ. ಇಲ್ಲದಿದ್ದರೆ ನಿನ್ನೆ ಮೊನ್ನೆ ಬಂದವರು ಯಾರೋ ಇವಳಿಗೆ ಕೆಲಸ ಹೇಳುತ್ತಾರೆ. ನನಗೇ ಮೈ ಉರಿಯಿತು, ಇನ್ನು ಅವಳಿಗೆ ಹೇಗಾಗಿರಬೇಡ!

ಎರಡು ಕಡೆ ಅರ್ಜಿ ಹಾಕಿದಳು, ಎರಡೂ ಕಡೆ ಸೀಟು ಸಿಕ್ಕಿತು. ಅಲ್ಲಿಂದ ಶುರುವಾಯಿತು ನೋಡಿ ಪೀಕಲಾಟ. ದೊಡ್ಡ ವಿಶ್ವವಿದ್ಯಾಲಯದಲ್ಲಿ ದೇಶದೇಶಗಳ ಶಾಲೆಗಳನ್ನು ಹೋಲಿಸಿ ಓದುವುದು. ಸಣ್ಣದರಲ್ಲಿ ಪರದೇಶದ ಮಕ್ಕಳನ್ನು ನೋಡಿಕೊಳ್ಳುವುದು ಹೇಗೆಂದು ಕಲಿಸುತ್ತಾರೆ. ಶುಕ್ರವಾರ ಸಂಜೆ ಐದರೊಳಗೆ ಯಾವುದಾದರೂ ಒಂದನ್ನು ಒಪ್ಪಿಕೊಳ್ಳಬೇಕು.

ಭಾವ ಕಾಗದಕ್ಕೆ ಗೆರೆ ಎಳೆದು ಎರಡಕ್ಕೂ ಅಂಕ ಹಾಕಿದರು. ಸಮ ಬಂತು. ದೊಡ್ಡದರ ಬಸ್ ನಿಲ್ದಾಣದಲ್ಲಿ ನೆರಳಿದೆ ಎಂದು ಇನ್ನೊಂದು ಅಂಕ ಸೇರಿಸಿದರು. ಅಕ್ಕ ಅದನ್ನು ಹೊಡೆದುಹಾಕಿದಳು.

"ಹೆಸರಿರೋ ಕಡೆಗೇ ಹೋಗೆ," ಅಂದರು ಅಮ್ಮ. ಅರ್ಧ ಗಂಟೆ ಬಿಟ್ಟು ಅವರೇ, "ಆ ಇನ್ನೊಂದೂ ಪರವಾಗಿಲ್ಲ ಅನ್ಸುತ್ತೆ."

ಅಕ್ಕ ಬುಧವಾರ ದೊಡ್ಡದು ಅಂದಳು, ಗುರುವಾರ ಸಣ್ಣದು ಅಂದಳು. ಶುಕ್ರವಾರ ರಜೆ ಹಾಕಿ ಊಟದ ಮೇಜಿನ ತುಂಬ ಕಾಗದ ಹರಡಿಕೊಂಡು, "ನನ್ನ ತಲೆ ಮೊಸರುಗಡಿಗೆ ಆಗಿದೆ ಕಣೆ, ನೀನೇ ಹೇಳು," ಅಂದಳು.

ದೊಡ್ಡದಕ್ಕೆ ಬರೆದಿದ್ದ ಅರ್ಜಿಯನ್ನು ನಾನು ಓದಿದೆ. ಎರಡನೇ ಪುಟದಲ್ಲಿ ಸಣ್ಣದರ ಹೆಸರಿತ್ತು! ಒಂದೇ ಪತ್ರ ಬರೆದು, ಮೊದಲ ಪುಟದಲ್ಲಿ ಮಾತ್ರ ಹೆಸರು ಬದಲಾಯಿಸಿದ್ದಾಳೆ ಮಹರಾಯಿತಿ. ಇಂಥ ಅರ್ಜಿ ತನ್ನ ಕಚೇರಿಗೆ ಬಂದರೆ ಕೆಂಪು ಗೆರೆ ಎಳೆದು ಅಲ್ಲೇ ವಾಪಸ್ ಕೊಡುವವಳು.

ಅಕ್ಕನ ಮುಖ ಸಪ್ಪಗಾಯಿತು. "ಓದೇ ಇಲ್ಲ ಇವರು. ಓದದೇ ಸೀಟು ಕೊಟ್ಟಿದ್ದಾರೆ!"

"ಓದಿದ್ರೆ ಕೊಡ್ತಿರ್ಲಿಲ್ಲ, ಬಿಡು," ಅಂದರು ಭಾವ.

ನಾನು ನಕ್ಕೆ. ಅಕ್ಕ ನಗಲಿಲ್ಲ. ಹಾಗಾದರೆ ಸಣ್ಣದರವರು ಓದಿದ್ದಾರೆ ಅನ್ನುವುದಕ್ಕಾದರೂ ಏನು ಗ್ಯಾರಂಟಿ? ಗಂಟೆ ನಾಲ್ಕೂವರೆ. ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. ಅಲ್ಲಿನ ಗುಮಾಸ್ತೆಗೆ ತನ್ನ ಅರ್ಜಿ ಸಂಖ್ಯೆ ಹೇಳಿ, "ನನ್ನ ಪತ್ರ ಯಾರಾದ್ರೂ ಓದಿದ್ರಾ ಮೇಡಂ?" ಎಂದು ಕೇಳಿಯೇ ಬಿಟ್ಟಳು. ನನಗೆ ನಾಚಿಕೆಯಾಗಿ ಸಾಯುವ ಹಾಗಾಯಿತು.

"ನಾನೇ ಓದಿದ್ದು ಮೇಡಂ," ಅಂದಳು ಆಕೆ. "ಜ್ವರದ ಹುಡುಗಿ ಜೊತೆ ಮೂರು ದಿನ ಆಸ್ಪತ್ರೇಲಿ ಕೂತಿದ್ದೆ, ಆಮೇಲೆ ಅವಳು ಓದು ಬಿಟ್ಟು ತನ್ನ ದೇಶಕ್ಕೆ ಹೋದ್ಲು ಅಂತ ಬರ್ದಿದ್ರಲ್ಲ, ಅವ್ರೇ ತಾನೆ ನೀವು? ಆ ಹುಡುಗಿ ಈಗ ಹೇಗಿದ್ದಾಳೆ?"

ಅಕ್ಕ ಭಾವನ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಗೊತ್ತಿಲ್ಲ ಮೇಡಂ," ಅಂದಳು ಕೊನೆಗೆ. "ಆರು ವರ್ಷ ಆಯ್ತು. ನಾನು ವಿಚಾರಿಸಲೇ ಇಲ್ಲ."

ಆಕೆ ಮೆಲ್ಲಗೆ, "ಸೀಟು ಇಟ್ಕೊಳ್ಳಲಾ ಮೇಡಂ?" ಎಂದು ಕೇಳಿದಳು.

"ಇಟ್ಕೊಳ್ಳಿ," ಅನ್ನುವಷ್ಟರಲ್ಲಿ ನಮ್ಮಕ್ಕ ಅಳುತ್ತಿದ್ದಳು.