ಮುಕ್ತ ಕೇಂದ್ರದ ಕೀಲಿ

ಕಂಪ್ಯೂಟರ್ ಅಂದರೆ ನನಗೆ ಮೊದಲು ನೆನಪಾಗುವುದು ಬರಿಗಾಲು. ಕಾಗವಾಡದ ಕಡೆ ನಾನು ಕನ್ನಡ ಕಲಿಸುತ್ತಿದ್ದ ಕಾಲೇಜಿನಲ್ಲಿ ಕಂಪ್ಯೂಟರ್ ಕೋಣೆಗೆ ಹೋಗುವವರು ಹೊಸ್ತಿಲಾಚೆಯೇ ಚಪ್ಪಲಿ ಬಿಡಬೇಕಿತ್ತು. ಪ್ರಾಚಾರ್ಯರೂ ಬಿಡುತ್ತಿದ್ದರು. ಒಳಗೆ ಯಂತ್ರಗಳು ಹೂವಿನ ಬಟ್ಟೆಯ ಮುಸುಕು ಹೊದ್ದು ಕುಳಿತಿರುತ್ತಿದ್ದವು. ಉಸ್ತುವಾರಿ ಅಪ್ಪಾಸಾಹೇಬರದು, ಕೀಲಿಕೈ ಅವರ ಉಡದಾರದಲ್ಲಿ. ಯಾಕಿಷ್ಟು ಬಂದೋಬಸ್ತು ಎಂದರೆ, “ಧೂಳ ಹೊಕ್ಕರ ಮಷೀನ್ ಕೆಡತಾವ್ರಿ ಸರ” ಎನ್ನುತ್ತಿದ್ದರು. ವಿದ್ಯಾರ್ಥಿಗಳನ್ನೂ ಅವರು ಧೂಳಿನ ಲೆಕ್ಕಕ್ಕೇ ಹಾಕಿದ್ದರು.

ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ತಮ್ಮ ಪಾಠಗಳನ್ನು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ತೆರೆದಿಟ್ಟ ವರ್ಷಗಳವು. ನಮ್ಮಲ್ಲೂ ಇರಲೆಂದು ಪ್ರಾಚಾರ್ಯರು ಅದೇ ಬಾಗಿಲ ಮೇಲೆ ‘ಮುಕ್ತ ಆನ್‌ಲೈನ್ ಕಲಿಕಾ ಕೇಂದ್ರ’ ಎಂದು ಬೋರ್ಡು ಬರೆಸಿದರು. ಸಂಚಾಲಕ ನಾನು. ಬೋರ್ಡಿನ ಒತ್ತಕ್ಷರಗಳನ್ನು ತಿದ್ದಿದ್ದೇ ನನ್ನ ಅರ್ಹತೆ. ಜೈನರು ಹೆಚ್ಚಿರುವ ಈ ಸೀಮೆಯಲ್ಲಿ ‘ಮುಕ್ತ’ ಹಗುರ ಶಬ್ದವಲ್ಲ. ಜೀವಗಳಲ್ಲಿ ಸಂಸಾರಿ, ಮುಕ್ತ ಎಂದು ಎರಡು ಬಗೆಯಂತೆ. ಮುಕ್ತಜೀವಕ್ಕೆ ಲೋಕದ ಜಂಜಡವಿಲ್ಲ. ಆ ಅರ್ಥದಲ್ಲಿ ನಮ್ಮ ಯಂತ್ರಗಳು ಮುಕ್ತವೇ ಆಗಿದ್ದವು. ಅವುಗಳನ್ನು ಯಾರೂ ಮುಟ್ಟುತ್ತಿರಲಿಲ್ಲ.

ಒಂದು ಹುಣ್ಣಿಮೆಗೆ ಅಪ್ಪಾಸಾಹೇಬರು ಮಂಗಸೂಳಿ ಮಲ್ಲಯ್ಯನ ದರ್ಶನಕ್ಕೆ ಹೋದರು. ಉಡದಾರವೂ ಜೊತೆಗೇ ಹೋಯಿತು. ಅದೇ ಮಧ್ಯಾಹ್ನ ಶೇಡಬಾಳದಿಂದ ಪದ್ಮಶ್ರೀ ಬಂದಳು, ನಮ್ಮಲ್ಲೇ ಡಿಗ್ರಿ ಮುಗಿಸಿದವಳು. ಮನೆಗೆಲಸದ ನಡುವೆ ಮೊಬೈಲಿನಲ್ಲೇ ಅಕೌಂಟ್ಸ್ ಪಾಠ ಕೇಳಿ ಕಡೆಯ ಪರೀಕ್ಷೆಯವರೆಗೆ ಬಂದಿದ್ದಳು. ಪರೀಕ್ಷೆ ಬರೆಯುವ ಗಡುವು ಆ ಸಂಜೆಗೇ ಮುಗಿಯುತ್ತಿತ್ತು. ಪಾಸಾದರೆ ಮಿರಜಿನಲ್ಲೊಂದು ನೌಕರಿಗೆ ಅರ್ಜಿ ಹಾಕಬಹುದು. ಮನೆಯಲ್ಲೋ, ಬಣವೆ ಹತ್ತಿದರೆ ಮಾತ್ರ ನೆಟ್‌ವರ್ಕು.

ಅವಳು ಬೋರ್ಡು ನೋಡಿದಳು, ಬಾಗಿಲು ನೋಡಿದಳು.

“ಸರ, ಮ್ಯಾಲ ಮುಕ್ತ ಅಂತ ಬರದೈತಿ, ಕೆಳಗ ಕೀಲಿ ಹಾಕೈತಿ. ಇದರಾಗ ಖರೆ ಯಾವುದರಿ?”

ಶಬ್ದಾರ್ಥದ ಬಗ್ಗೆ ಇಂಥ ಕಠಿಣ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ನನಗೆ ಕೇಳಿರಲಿಲ್ಲ. ನಾಚಿಕೆಯಾಯಿತು.

ಪುಣ್ಯಕ್ಕೆ ಒಳಗಿನ ವೈಫೈ ಡಬ್ಬಿಗೆ ಕೀಲಿಯ ಹಂಗಿರಲಿಲ್ಲ. ಅದರ ಸಿಗ್ನಲ್ಲು ಕಿಟಕಿ ದಾಟಿ ವರಾಂಡದ ಕಟ್ಟೆಯವರೆಗೆ ಬರುತ್ತಿತ್ತು. ನಾನು ಪಾಸ್‌ವರ್ಡು ಹೇಳಿದೆ. ಸಂಚಾಲಕನಾಗಿ ಮಾಡಿದ ಮೊದಲ ಕೆಲಸ ಅದು. ಅವಳು ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಮೊಬೈಲ್ ತೆಗೆದಳು. ನಾನು ಕಂಬದ ಹತ್ತಿರ ನಿಂತು, ಗದ್ದಲ ಮಾಡುತ್ತ ಹೋಗುವವರಿಗೆ ಶ್ ಎನ್ನುತ್ತಿದ್ದೆ. ಬಿಸಿಲು ಅಂಗಳ ಬಿಡುವ ಹೊತ್ತಿಗೆ ಅವಳು ತಲೆಯೆತ್ತಿದಳು.

“ಪಾಸ್ ಆದ್ನಿರಿ ಸರ.”

ಮುಂದೆ, ಮುಕ್ತ ಕಲಿಕೆಗೆ ಸಂಸ್ಥೆಗಳು ಹೇಗೆ ನೆರವಾಗಬೇಕು ಎಂದು ಪ್ರಾಚಾರ್ಯರು ನನ್ನಿಂದ ಭಾಷಣವೊಂದನ್ನು ಬರೆಸಿದರು. ಉದ್ದಕ್ಕೇ ಬರೆದೆ. ನಿಜವಾಗಿ ಹೇಳಬೇಕಾದ್ದು ಇಷ್ಟೇ ಇತ್ತು: ಕೂಡಲು ಒಂದು ಕಟ್ಟೆ ಕೊಡಿ, ಪಾಸ್‌ವರ್ಡನ್ನು ಗೋಡೆಯ ಮೇಲೆ ಬರೆಯಿರಿ, ಅಡಚಣೆ ಬಂದರೆ ಕೇಳಲು ಹತ್ತಿರ ಒಬ್ಬರಿರಲಿ. ಅದನ್ನೂ ಬಾಯಲ್ಲಿ ಹೇಳಿದೆ. ಪ್ರಾಚಾರ್ಯರು ಸ್ವಲ್ಪ ತಲೆ ಕೆರೆದುಕೊಂಡರೂ ಪಾಸ್‌ವರ್ಡನ್ನು ಗೋಡೆಯ ಮೇಲೆ ಬರೆಸಿದರು. ಸಂಜೆ ಹೊತ್ತು ಕಟ್ಟೆ ತುಂಬತೊಡಗಿತು.

ಆ ಸಲದ ದಸರೆಯ ಖಂಡೇ ಪೂಜೆಗೆ ಅಪ್ಪಾಸಾಹೇಬರು ಎಂದಿನಂತೆ ಒಂದೊಂದೇ ಯಂತ್ರದ ಮುಸುಕು ಸರಿಸಿ ವಿಭೂತಿ, ಕುಂಕುಮ ಹಚ್ಚಿದರು. ಹೊರಗೆ ಬಂದವರು ಒಂದು ಗಳಿಗೆ ನಿಂತು, ಕಟ್ಟೆಗೂ ಹಚ್ಚಿದರು. ನನಗೆ ಬಹಳ ಖುಷಿಯಾಯಿತು. ಅದೇ ಖುಷಿಯಲ್ಲಿ ಕೂಡಲು ಹೋದೆ.

“ಸರ, ಚಪ್ಪಲ್ ಕೆಳಗ ಬಿಟ್ಟ ಕುಂದರ್ರಿ” ಎಂದರು.

ಬಿಟ್ಟೆ. ಅಪ್ಪಾಸಾಹೇಬರು ಅಭ್ಯಾಸಬಲದಿಂದ ಉಡದಾರ ಮುಟ್ಟಿ ನೋಡಿಕೊಂಡರು. ಆದರೆ ಕಟ್ಟೆಗೆ ಬಾಗಿಲಿರಲಿಲ್ಲ.