ಪಟ್ಟೆ ಮೀನಿನ ಹೆಸರು ಹುಡುಕಿ ಚಿಂತಾಮಣಿಗೆ

ಭಾನುವಾರ ಬೆಳಗ್ಗೆ ಏಳಕ್ಕೆ ಗೌರಿಬಿದನೂರಿನಲ್ಲಿ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ. ತೊಡೆಯ ಮೇಲೆ ಮುಚ್ಚಳಕ್ಕೆ ತೂತು ಕೊರೆದ ಬಕೆಟ್ಟು, ಅದರೊಳಗೆ ಅರ್ಧ ನೀರು, ನೀರಿನಲ್ಲಿ ಬೆರಳುದ್ದದ ಒಂದು ಮೀನು. ಬೂದು ಮೈ, ಮೇಲಿಂದ ಕೆಳಕ್ಕೆ ಕಪ್ಪು ಪಟ್ಟೆಗಳು. ಗಾಳಿ ಊದುವ ಪುಟ್ಟ ಬ್ಯಾಟರಿ ಯಂತ್ರ ದಾರಿಯುದ್ದಕ್ಕೂ ಗುಯ್‌ಗುಟ್ಟುತ್ತಿತ್ತು.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಶಾಲೆಯ ಪಡಸಾಲೆಯಲ್ಲಿ ನಾಲ್ಕಡಿಯ ಗಾಜಿನ ತೊಟ್ಟಿಯಿದೆ. ಯಾರೋ ದಾನವಾಗಿ ತಂದುಬಿಟ್ಟ ಈ ಮೀನು ಒಂದೇ ತಿಂಗಳಲ್ಲಿ ನಾಲ್ಕು ಪುಟ್ಟ ಗಪ್ಪಿ ಮೀನುಗಳನ್ನು ಕೊಂದು, ಗೋಲ್ಡ್‌ಫಿಶ್‌ನ ಬಾಲವನ್ನು ಚಿಂದಿ ಮಾಡಿತ್ತು. "ಸೋಮವಾರದೊಳಗೆ ಒಂದು ದಾರಿ ಮಾಡಿ ಮೇಡಂ. ಇಲ್ಲಾಂದ್ರೆ ಇದನ್ನ ಕೆರೆಗೆ ಬಿಟ್ಟು ತೊಟ್ಟೀನ ಯಾರಿಗಾದ್ರೂ ಕೊಟ್ಬಿಡಣ" ಎಂದಿದ್ದರು ಮುಖ್ಯೋಪಾಧ್ಯಾಯರು. ಹೊರಗಿನ ಮೀನನ್ನು ಕೆರೆಗೆ ಬಿಡಬಾರದೆಂದು ಪಾಠ ಮಾಡುವವಳು ನಾನೇ. ಅದನ್ನು ನನ್ನ ಕೈಯಿಂದಲೇ ಬಿಡಿಸುವುದೆಂದರೆ ಮಕ್ಕಳ ಮುಖ ನೋಡುವುದು ಹೇಗೆ?

ಮಂಚೇನಹಳ್ಳಿಯಲ್ಲಿ ಹತ್ತಿದ ಒಬ್ಬ ಹೆಂಗಸು ಬಕೆಟ್ಟಿನೊಳಕ್ಕೆ ಇಣುಕಿ, "ಚೇಪನಾ? ಕೂರಕಾ?" ಎಂದು ತೆಲುಗಿನಲ್ಲಿ ಕೇಳಿದಳು, ಮೀನಾ, ಸಾರಿಗಾ ಅಂತ. ಸಾರಿಗಲ್ಲ, ಶಾಲೆಗೆ ಎಂದೆ. ಒಂದು ಮೀನಿಗೆ ಶಾಲೆಯೇಕೆಂದು ಆಕೆ ಯೋಚಿಸುತ್ತಿರುವಾಗಲೇ ಚಿಕ್ಕಬಳ್ಳಾಪುರ ಬಂತು. ಮಂಜು ಇನ್ನೂ ಬೆಟ್ಟಗಳ ಹೆಗಲ ಮೇಲೇ ಇತ್ತು. ನಿಲ್ದಾಣದ ಹತ್ತಿರ ಎರಡು ಇಡ್ಲಿ ತಿಂದು, ಮೀನಿನ ಅಂಗಡಿಯ ಬಾಗಿಲು ತೆಗೆಯುವವರೆಗೆ ಕಾದೆ.

ಗಪ್ಪಿ ಕೊಂದ ಕಥೆ ಕೇಳಿ ಅಂಗಡಿಯವನು ಮುಚ್ಚಳ ಎತ್ತಿದ, ಇಳಿಸಿದ. "ಟಿಲಾಪಿಯಾ ಮರಿ ಮೇಡಂ. ಗಂಡು, ತಲೆ ಕೆಟ್ಟಿರೋದು. ಬಿಟ್ಟೋಗಿ, ನಮ್ಮ ದೊಡ್ಡ ಮೀನಿಗೆ ಹಾಕ್ತೀನಿ." ಅಷ್ಟು ಬೇಗ ತೀರ್ಪು ಕೊಟ್ಟಿದ್ದು ನನಗೆ ಹಿಡಿಸಲಿಲ್ಲ. ಚಿಂತಾಮಣಿಯಲ್ಲಿ ಮಾಳಿಗೆಯ ಮೇಲೆ ಮೀನು ಸಾಕಿ ಮರಿ ಮಾಡಿಸುವ ಇಮ್ತಿಯಾಜ್ ಎಂಬವರಿದ್ದಾರೆಂದು ಕೇಳಿದ್ದೆ. ಅಲ್ಲಿಗೇ ಹೋಗುವುದೆಂದುಕೊಂಡು ಶಿಡ್ಲಘಟ್ಟದ ಬಸ್ಸು ಹತ್ತಿದೆ.

ಶಿಡ್ಲಘಟ್ಟ ನನ್ನ ತವರು. ಮನೆಗೆ ಹೋಗದೆ ದಾಟುವಂತಿಲ್ಲ. ಅಮ್ಮ ಮುದ್ದೆ, ಉಪ್ಸಾರು ಮಾಡಿದ್ದಳು. ಅಪ್ಪ ಊಟಕ್ಕೆ ಕೂರದೆ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಅವರು ಮೂವತ್ತು ವರ್ಷ ರೇಷ್ಮೆಹುಳುವಿನ ಮೊಟ್ಟೆ ಮಾಡಿಸುವ ಬಿತ್ತನೆ ಕೋಠಿಯಲ್ಲಿ ದುಡಿದವರು. ಗೂಡು ಕುಯ್ದು, ಒಳಗಿನ ಕೋಶದ ಹೊಟ್ಟೆಯ ತುದಿ ನೋಡಿ, ಹೆಣ್ಣು ಒಂದು ತಟ್ಟೆಗೆ, ಗಂಡು ಇನ್ನೊಂದು ತಟ್ಟೆಗೆ ಹಾಕುವುದೇ ಅವರ ಕೆಲಸ. ಹೆಣ್ಣಿಗೆ ಕತ್ತರಿಯಂಥ ನವಿರು ಗೆರೆ, ಗಂಡಿಗೆ ಒಂದು ಚುಕ್ಕೆ. ಹುಲ್ಲೆಸಳಿನಷ್ಟು ತೆಳುವಾದ ಆ ಗುರುತನ್ನು ಅವರು ಮಾತಾಡುತ್ತಲೇ ಓದುತ್ತಿದ್ದರು.

ಅಮ್ಮನ ಹಪ್ಪಳದ ಗಾಜಿನ ಜಾಡಿ ಖಾಲಿಯಾಯಿತು. ಮೀನನ್ನು ಅದಕ್ಕೆ ಬಿಟ್ಟು, ಅಂಗಳದ ಬಿಸಿಲಿಗೆ ಎತ್ತಿ ಹಿಡಿದು ಅಪ್ಪ ಬಹಳ ಹೊತ್ತು ನೋಡಿದರು.

"ಇದರ ಹೆಸರು ನಂಗೆ ಗೊತ್ತಿಲ್ಲಮ್ಮ. ಆದ್ರೆ ಇದು ಹೆಣ್ಣು ಕಣೇ."

"ಅಂಗಡಿಯವ್ನು ಗಂಡು, ತಲೆ ಕೆಟ್ಟಿರೋದು ಅಂದ್ನಲ್ಲಪ್ಪ."

"ಅವ್ನು ಮೇಲಿಂದ ನೋಡವ್ನೆ. ಹೊಟ್ಟೆ ನೋಡು. ಕಿತ್ತಳೆ ಬಣ್ಣ ಬಂದೈತೆ, ತುಂಬ್ಕೊಂಡೂ ಐತೆ. ಇದು ತಲೆ ಕೆಟ್ಟಿರೋದಲ್ಲ, ಮೊಟ್ಟೆ ಕಾಯ್ತಿರೋದು. ತೊಟ್ಟೀಲಿ ಎಲ್ಲಾದ್ರೂ ಕಾಳುಕಾಳಾಗಿ ಅಂಟ್ಕೊಂಡಿತ್ತಾ?"

ತೊಟ್ಟಿಯಲ್ಲಿದ್ದ ಒಡೆದ ಮಡಕೆಯ ಒಳಗೋಡೆಗೆ ಅಂಟಿದ್ದ ಬಿಳಿಚು ಕಾಳುಗಳನ್ನು, ಮಿಕ್ಕ ಆಹಾರವೆಂದು ತಿಳಿದು, ಎರಡು ಸಲ ಬ್ರಷ್ಷಿನಿಂದ ಉಜ್ಜಿ ತೊಳೆದವಳು ನಾನು. ಆ ಎರಡೂ ದಿನ ಮೀನು ನನ್ನ ಬೆರಳಿಗೆ ನುಗ್ಗಿ ಬಂದಿತ್ತು. ಅಪ್ಪನಿಗೆ ಹೇಳಿದೆ. ಅವರು ಬೈಯಲಿಲ್ಲ. "ನಾನೂ ಬರ್ತೀನಿ ನಡಿ" ಎಂದು ಅಂಗಿ ಬದಲಿಸಿಕೊಂಡರು.

ಚಿಂತಾಮಣಿಯ ಬಸ್ಸಿನಲ್ಲಿ ನನ್ನದು ಹೆಂಗಸರ ಉಚಿತ ಟಿಕೆಟ್ಟು, ಅಪ್ಪನದು ಕಾಸಿನ ಟಿಕೆಟ್ಟು. ಮುಕ್ಕಾಲು ಗಂಟೆಯ ಹಾದಿ, ಇಕ್ಕೆಲಕ್ಕೂ ಹಿಪ್ಪುನೇರಳೆ ತೋಟಗಳು. ಇಮ್ತಿಯಾಜ್ ಅವರ ಮಾಳಿಗೆಯ ಮೇಲೆ ಸಿಮೆಂಟಿನ ಹನ್ನೆರಡು ತೊಟ್ಟಿಗಳಿದ್ದವು. ಅರವತ್ತರ ಆಸುಪಾಸಿನ ಆ ಮನುಷ್ಯ ಮೀನನ್ನು ನೋಡಿ ಪಟ್ಟೆ ಎಣಿಸಿದರು. "ಟಿಲಾಪಿಯಾ ಅಲ್ಲ. ಅದರ ಮರಿಗೆ ಬೆನ್ನಿನ ರೆಕ್ಕೆಯ ಹಿಂಭಾಗದಲ್ಲಿ ಒಂದು ಕಪ್ಪು ಚುಕ್ಕೆ ಇರ್ತದೆ, ಇದಕ್ಕಿಲ್ಲ. ಇದು ಕನ್ವಿಕ್ಟ್ ಸಿಕ್ಲಿಡ್. ಜೈಲಿನವರ ಬಟ್ಟೆ ಥರ ಪಟ್ಟೆ ನೋಡಿ, ಅದಕ್ಕೇ ಆ ಹೆಸರು. ಇಷ್ಟು ಜೋರು ಅಂದ್ರೆ ಗಂಡೇ ಇರ್ಬೇಕು."

"ಹೆಣ್ಣು" ಎಂದರು ಅಪ್ಪ, ಮೆಲ್ಲಗೆ.

ಇಮ್ತಿಯಾಜ್ ಕನ್ನಡಕ ಹಾಕಿಕೊಂಡರು. ಮೀನನ್ನು ಗಾಜಿನ ಪೆಟ್ಟಿಗೆಗೆ ಬಿಟ್ಟು ಪಕ್ಕದಿಂದ ನೋಡಿದರು. "ಹೌದು ಯಜಮಾನ್ರೇ. ಈ ಜಾತೀಲಿ ಬಣ್ಣ ಹೆಣ್ಣಿಗೇ. ಬಹಳ ಜನ ಇಲ್ಲೇ ತಪ್ಪೋದು, ನಾನೂ ಅವಸರ ಮಾಡ್ದೆ. ನೀವು ಮೀನು ಸಾಕಿದ್ದೀರಾ?"

"ಇಲ್ಲ. ರೇಷ್ಮೆ."

ಇಮ್ತಿಯಾಜ್ ಒಂದು ತೊಟ್ಟಿಯಿಂದ ಅದೇ ಜಾತಿಯ ಹತ್ತು ಎಳೆಯ ಮೀನುಗಳನ್ನು ಹಿಡಿದು ಗಾಜಿಗೆ ಬಿಟ್ಟರು. ಬಣ್ಣ ಇನ್ನೂ ಪೂರ್ತಿ ಮೂಡಿರಲಿಲ್ಲ. ಅಪ್ಪ ಒಂದೊಂದನ್ನೇ ಬೆರಳಿನಲ್ಲಿ ತೋರಿಸಿ ಹೆಣ್ಣು, ಗಂಡು ಎಂದು ಹೇಳುತ್ತ ಹೋದರು. ಒಂದರ ಹತ್ತಿರ ಮಾತ್ರ ನಿಂತು, "ಇದು ಇನ್ನೂ ಹೇಳ್ತಾ ಇಲ್ಲ" ಎಂದರು. ಇಮ್ತಿಯಾಜ್ ಮಗಳನ್ನು ಕರೆದು, ಭೂತಗನ್ನಡಿ ಕೊಟ್ಟು, ಒಂದೊಂದನ್ನೇ ನಿಧಾನವಾಗಿ ನೋಡಲು ಹೇಳಿದರು. ಒಂಬತ್ತೂ ಸರಿಯಿದ್ದವು. ಆ ಮಾಳಿಗೆಯ ಮೇಲೆ ನಾನು ಅಷ್ಟು ನೆಟ್ಟಗೆ ನಿಂತಿದ್ದೆನೆಂದರೆ, ಪದವಿ ಪಡೆದ ದಿನವೂ ಹಾಗೆ ನಿಂತಿರಲಿಲ್ಲ.

ಆಮೇಲೆ ಜೊತೆಗಾರರ ಮಾತು ಬಂತು. ಗಪ್ಪಿ, ಗೋಲ್ಡ್‌ಫಿಶ್‌ನಂಥ ನಿಧಾನದ, ಉದ್ದಬಾಲದ ಮೀನು ಬೇಡವೇ ಬೇಡ. ಹೆಣ್ಣು ಒಂಟಿಯಾಗಿದ್ದರೂ ಮೊಟ್ಟೆಯಿಡುತ್ತದೆ, ಮರಿಯಾಗುವುದಿಲ್ಲ ಅಷ್ಟೇ; ಗಂಡನ್ನು ತರಬೇಡಿ, ಮರಿಯಾದರೆ ತೊಟ್ಟಿಯೆಲ್ಲ ಅವುಗಳದೇ. ಮೇಲಿನ ನೀರಿನಲ್ಲಿ ಓಡಾಡುವ ಚುರುಕು ಮೀನಿದ್ದರೆ ಇದರ ತಂಟೆಯಿಲ್ಲ. "ಮಡಕೆ ಒಂದು ಮೂಲೇಲಿ ಇಡಿ, ನಡುವೆ ಕಲ್ಲು ಜೋಡಿಸಿ. ನಮ್ಮ ಬೋರಿನ ಗಡಸು ನೀರು ಇದಕ್ಕೆ ಚೆನ್ನಾಗೇ ಹಿಡಿಸ್ತದೆ" ಎಂದ ಇಮ್ತಿಯಾಜ್, ಅಂಥ ಚುರುಕಿನ ಎಂಟು ಜೈಂಟ್ ಡ್ಯಾನಿಯೋ ಮೀನುಗಳನ್ನು ಚೀಲಕ್ಕೆ ತುಂಬಿಕೊಟ್ಟರು. ಈಗ ಎರಡು ತಿಂಗಳಾಯಿತು, ಎಂಟೂ ಇವೆ. ಗೋಲ್ಡ್‌ಫಿಶ್ ಬೇರೆ ತೊಟ್ಟಿಯಲ್ಲಿ ಬಾಲ ಬೆಳೆಸಿಕೊಂಡಿದೆ. ಮುಖ್ಯೋಪಾಧ್ಯಾಯರು ಬಂದವರಿಗೆಲ್ಲ ಪಟ್ಟೆ ಮೀನನ್ನು ತಾವೇ ತೋರಿಸುತ್ತಾರೆ.

ಆ ದಿನ ಮಾಳಿಗೆಯಿಂದ ಹೊರಡುವಾಗ ಇಮ್ತಿಯಾಜ್ ಅಪ್ಪನ ಕೈ ಹಿಡಿದುಕೊಂಡರು. "ಗಂಡು ಹೆಣ್ಣು ಮರಿ ಬೇರೆ ಮಾಡೋದಕ್ಕೆ ನನ್ನ ಕಣ್ಣು ಸಾಲಲ್ಲ. ವಾರಕ್ಕೊಂದು ದಿನ ಬಂದು ನೋಡ್ಕೊಡ್ತೀರಾ? ನಮ್ಮ ಹುಡುಗೀನೂ ಕಲೀತಾಳೆ." ಅಪ್ಪ "ನೋಡಣ ಬಿಡಿ ಸಾಹೇಬ್ರೇ" ಎಂದಷ್ಟೇ ಹೇಳಿದರು.

ವಾಪಸಿನ ಬಸ್ಸಿನಲ್ಲಿ ಅವರು ಕಿಟಕಿಯಾಚೆ ನೋಡುತ್ತ ಕೂತಿದ್ದರು. ಶಿಡ್ಲಘಟ್ಟ ಹತ್ತಿರ ಬಂದಾಗ ಎದ್ದು, ಕಂಬಿ ಹಿಡಿದು, ನನ್ನನ್ನಲ್ಲ, ಕಂಡಕ್ಟರನ್ನು ಕೇಳಿದರು: "ಭಾನ್ವಾರ ಚಿಂತಾಮಣಿಗೆ ಮೊದಲ್ನೇ ಬಸ್ಸು ಎಷ್ಟೊತ್ತಿಗಪ್ಪ?"

"ಆರೂಕಾಲು. ಯಾಕ್ ಯಜಮಾನ್ರೇ, ಮದುವೇನಾ?"

"ಅಲ್ಲ" ಎಂದರು ಅಪ್ಪ, ಮೆಟ್ಟಿಲಿಳಿಯುತ್ತ. "ಡ್ಯೂಟಿ."

ಬಸ್ಸು ತಿರುಗುವಾಗ ಹಿಂದಕ್ಕೆ ಬಗ್ಗಿ ನೋಡಿದೆ. ಅಂಗಿಯ ತೋಳು ಮಡಚಿಕೊಳ್ಳುತ್ತ, ಸಂಜೆಯ ಬಿಸಿಲಿನಲ್ಲಿ ಅವರು ಬೇಗಬೇಗ ನಡೆದು ಹೋಗುತ್ತಿದ್ದರು.